ಚುಕ್ಕೆ ಹೋಯಿತು, ಕಾಯಿಲೆ ಹೋಯಿತೇ?

ಮುಂಬೈಯಲ್ಲಿ ನಮ್ಮವರ ಹೋಟೆಲಿಗೆ ಹೋದರೆ ಗಲ್ಲಾದ ಪಕ್ಕದಲ್ಲಿ ಒಂದು ಮೀನಿನ ಟ್ಯಾಂಕ್ ಕಾಣಸಿಗುವುದು ಹೊಸದೇನಲ್ಲ. ಹಿಂದೆ ಅದರಲ್ಲಿ ಗೋಲ್ಡ್ ಫಿಶ್ ಇದ್ದರೆ ಸಾಕಾಗುತ್ತಿತ್ತು. 2003ರಲ್ಲಿ 'ಫೈಂಡಿಂಗ್ ನೀಮೋ' ಚಿತ್ರ ಬಂದ ಮೇಲೆ ಮಕ್ಕಳು ಬೇಕೆನ್ನುವುದು ಕಿತ್ತಳೆ ಮೈ, ಬಿಳಿ ಪಟ್ಟಿಯ ಕ್ಲೌನ್ ಮೀನು. ಅದು ಸಮುದ್ರದ ಮೀನು, ಅದಕ್ಕೆ ಉಪ್ಪುನೀರು ಬೇಕು. ಆ ಉಪ್ಪುನೀರಿನ ಮೀನಿಗೆ ಬರುವ ಕಾಯಿಲೆಗಳ ಬಗ್ಗೆ ಇವತ್ತು ನಾಲ್ಕು ಮಾತು.

ಹೊಸ ಮೀನು ಮನೆಗೆ ಬಂದು ಒಂದು ವಾರ ಆಗಿರುತ್ತದೆ. ಅದರ ರೆಕ್ಕೆಯ ಮೇಲೆ ಪುಡಿ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು ಕಾಣುತ್ತವೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ನೀವು ಗಾಬರಿಯಾಗಿ ಕ್ರಾಫರ್ಡ್ ಮಾರ್ಕೆಟ್ಟಿಗೆ ಓಡುತ್ತೀರಿ. ಅಂಗಡಿಯವನು ಒಂದು ಬಾಟಲಿ ಕೊಡುತ್ತಾನೆ. ನಾಲ್ಕೈದು ದಿನದಲ್ಲಿ ಚುಕ್ಕೆ ಮಾಯ, ಮನೆಯವರಿಗೆಲ್ಲ ಸಂತೋಷ. ಎರಡು ವಾರ ಕಳೆಯುವುದರೊಳಗೆ ಒಂದು ಮೀನಿನ ಮೇಲಿದ್ದ ಚುಕ್ಕೆ ಎಲ್ಲ ಮೀನುಗಳ ಮೇಲೆ, ಹತ್ತು ಪಟ್ಟು. ಆಮೇಲೆ ಒಂದೊಂದೇ ಸಾಯಲು ಶುರು.

ಆದದ್ದು ಏನು? ಈ ಬಿಳಿ ಚುಕ್ಕೆ ರೋಗವನ್ನು ತರುವ ಪರೋಪಜೀವಿಯ ಹೆಸರು ಕ್ರಿಪ್ಟೋಕ್ಯಾರಿಯಾನ್. ಇದು ಮೀನಿನ ಚರ್ಮದೊಳಗೆ ಮೂರರಿಂದ ಏಳು ದಿನ ಇದ್ದು, ಹೊಟ್ಟೆ ತುಂಬಿಸಿಕೊಂಡು ತಾನಾಗಿಯೇ ಕೆಳಗೆ ಬೀಳುತ್ತದೆ. ಮರಳಿನಲ್ಲೋ ಕಲ್ಲಿನ ಮೇಲೋ ಗಟ್ಟಿ ಕೋಶ ಕಟ್ಟಿಕೊಂಡು ಅದರೊಳಗೆ ಒಂದು ನೂರಾರು ಆಗುತ್ತದೆ. ಕೆಲವು ದಿನಗಳಿಂದ ಕೆಲವು ವಾರಗಳ ಒಳಗೆ ಕೋಶ ಒಡೆದು ಮರಿಗಳು ಹೊಸ ಮೀನನ್ನು ಹುಡುಕಿಕೊಂಡು ಹೊರಡುತ್ತವೆ. ಅಂದರೆ ಚುಕ್ಕೆ ಮಾಯವಾದದ್ದು ಬಾಟಲಿಯ ಔಷಧಿಯಿಂದಲೇ ಎಂದು ಹೇಳುವಂತಿಲ್ಲ. ಔಷಧಿ ಹಾಕದಿದ್ದರೂ ಅದು ಮಾಯವಾಗುತ್ತಿತ್ತು. ಅಂಗಡಿಯವನಿಗೆ ಪುಕ್ಕಟೆ ಹೆಸರು!

ಸಿಹಿನೀರಿನ ಮೀನಿಗೂ ಬಿಳಿ ಚುಕ್ಕೆ ಬರುತ್ತದೆ, ಆದರೆ ಆ ಜೀವಿಯೇ ಬೇರೆ. 'ಸ್ವಲ್ಪ ಉಪ್ಪು ಹಾಕಿ, ಹೀಟರ್ ಜಾಸ್ತಿ ಮಾಡಿ' ಎನ್ನುವ ಸಲಹೆ ಅಲ್ಲಿಯದು. ಸಮುದ್ರದ ನೀರಿಗೆ ಉಪ್ಪು ಹಾಕಿ ಎಂದರೆ ಏನು ಹೇಳೋಣ?

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ಮೀನನ್ನು ಬೇರೆ ಪಾತ್ರೆಗೆ ತೆಗೆಯುವುದು. ದೊಡ್ಡ ಟ್ಯಾಂಕಿಗೇ ಔಷಧಿ ಸುರಿಯಬೇಡಿ. ಈ ರೋಗಕ್ಕೆ ಹಳೆಯ, ನಂಬಿಕೆಯ ಔಷಧಿ ತಾಮ್ರ. ಆದರೆ ತಾಮ್ರದಿಂದ ಸಿಗಡಿ, ಬಸವನಹುಳು, ಅನಿಮೊನಿ ಎಲ್ಲವೂ ಸಾಯುತ್ತವೆ. ಕಲ್ಲು, ಮರಳು ಅದನ್ನು ಹೀರಿಕೊಳ್ಳುವುದರಿಂದ ಪ್ರಮಾಣವೂ ನಿಲ್ಲುವುದಿಲ್ಲ. ತಾಮ್ರದ ಸಲ್ಫೇಟ್ ಆದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ ಇರಬೇಕು. ಕಡಿಮೆಯಾದರೆ ರೋಗ ಸಾಯುವುದಿಲ್ಲ, ಹೆಚ್ಚಾದರೆ ಮೀನು ಸಾಯುತ್ತದೆ. ಬೇರೆ ಬಗೆಯ ತಾಮ್ರದ ಔಷಧಿಗಳಿಗೆ ಬೇರೆ ಪ್ರಮಾಣ, ಅದನ್ನು ಬಾಟಲಿಯ ಮೇಲೆ ನೋಡಿಕೊಳ್ಳಿ. ಅಳೆಯುವ ಕಿಟ್ ಇಲ್ಲದವರು ತಾಮ್ರ ಮುಟ್ಟದಿರುವುದೇ ಲೇಸು.

ಕಿಟ್ ಇಲ್ಲದವರಿಗೆ ಇನ್ನೊಂದು ಉಪಾಯ ಇದೆ, ನನಗೆ ಬಹಳ ಮೆಚ್ಚುಗೆಯಾದದ್ದು. ಎರಡು ಪ್ಲಾಸ್ಟಿಕ್ ಟಬ್ ಸಾಕು. ಒಂದಕ್ಕೆ ಹೊಸದಾಗಿ ಕಲಸಿದ ಉಪ್ಪುನೀರು ತುಂಬಿ, ಗಾಳಿಯ ಪಂಪು ಹಾಕಿ, ಅವಿತುಕೊಳ್ಳಲು ಒಂದು ಪಿವಿಸಿ ಪೈಪಿನ ತುಂಡು ಇಟ್ಟು ಮೀನು ಬಿಡಿ. ಮರಳು, ಕಲ್ಲು ಬೇಡ. ಮೂರು ದಿನ ತುಂಬುವುದರೊಳಗೆ ಅಷ್ಟೇ ಉಪ್ಪು, ಅಷ್ಟೇ ಬಿಸುಪು ಇರುವ ಎರಡನೆಯ ಟಬ್ಬಿಗೆ ಮೀನನ್ನು ಮಾತ್ರ ಸಾಗಿಸಿ, ಹಳೆಯ ನೀರು ಬೇಡ. ಮೊದಲ ಟಬ್ಬು, ಪೈಪು, ಬಲೆ ಎಲ್ಲವನ್ನೂ ತೊಳೆದು ಪೂರ್ತಿ ಒಣಗಿಸಿ. ಹೀಗೆ ನಾಲ್ಕು ಸಲ. ಮೀನಿನಿಂದ ಬಿದ್ದ ಪರೋಪಜೀವಿ ಮರಿ ಮಾಡುವ ಹೊತ್ತಿಗೆ ಮೀನು ಅಲ್ಲಿ ಇರುವುದೇ ಇಲ್ಲ. ಸುಮಾರು ಎರಡು ವಾರದ ಕೆಲಸ, ಔಷಧಿಯ ಖರ್ಚಿಲ್ಲ. ಮಳೆಗಾಲದಲ್ಲಿ ಟಬ್ಬು ಒಣಗಿಸುವುದೇ ಕಷ್ಟ, ಆಗ ಫ್ಯಾನಿನ ಕೆಳಗೆ ಇಡಿ.

ಇತ್ತ ದೊಡ್ಡ ಟ್ಯಾಂಕು ಮೀನಿಲ್ಲದೆ ಇರಬೇಕು. ಕೆಲವು ಕೋಶಗಳು ಎಪ್ಪತ್ತು ದಿನ ದಾಟಿ ಒಡೆದದ್ದೂ ಇರುವುದರಿಂದ 76 ದಿನ ಎಂಬ ಲೆಕ್ಕ ರೂಢಿಗೆ ಬಂದಿದೆ. ಸಿಗಡಿ, ಬಸವನಹುಳು ಅಲ್ಲಿಯೇ ಇರಲಿ. ಹೋಟೆಲಿನವರಿಗೆ ಎರಡೂವರೆ ತಿಂಗಳು ಖಾಲಿ ಟ್ಯಾಂಕು ನೋಡಲು ಬೇಸರವೇ. ಆದರೆ ಅವಸರದಲ್ಲಿ ಹೊಸ ಮೀನು ಬಿಟ್ಟರೆ ಕಥೆ ಮೊದಲಿನಿಂದ ಶುರುವಾಗುತ್ತದೆ.

ಎಲ್ಲ ಕಾಯಿಲೆಗೂ ಇಷ್ಟು ಸಮಯ ಸಿಗುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಾಗ ಮೈಮೇಲೆ ಬಂಗಾರದ ಧೂಳು ಸವರಿದಂತೆ ಕಂಡರೆ, ಮೀನು ಬಾಯಿ ಬಿಟ್ಟುಕೊಂಡು ಪಂಪಿನ ನೀರಿಗೆ ಎದುರಾಗಿ ನಿಂತಿದ್ದರೆ, ಅದು ವೆಲ್ವೆಟ್ ರೋಗ. ಕಿವಿರಿಗೆ ಹತ್ತಿ ಎರಡು ಮೂರು ದಿನದಲ್ಲಿ ಟ್ಯಾಂಕು ಖಾಲಿ ಮಾಡಬಲ್ಲದು. ಇಲ್ಲಿ ಟಬ್ಬಿನ ಉಪಾಯ ನಂಬಬೇಡಿ, ಅಂದೇ ತಾಮ್ರ ಬೇಕು. ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಸಿಪ್ಪೆಯಂತೆ ಏಳುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ, ಅದಕ್ಕೆ ತಾಮ್ರ ನಾಟುವುದಿಲ್ಲ, ಫಾರ್ಮಲಿನ್ ಬೇಕು. ಫಾರ್ಮಲಿನ್ ಮನುಷ್ಯರಿಗೂ ವಿಷ, ಪಳಗಿದವರ ಕೈಯಿಂದಲೇ ಆಗಲಿ. ರೆಕ್ಕೆಯ ತುದಿಗೆ ಹೂಕೋಸಿನಂಥ ಗಂಟು ಎದ್ದಿದ್ದರೆ ಅದು ವೈರಸ್ಸಿನದು. ಔಷಧಿ ಇಲ್ಲ, ಸಾಮಾನ್ಯವಾಗಿ ಬೇಕಾಗುವುದೂ ಇಲ್ಲ. ಒಳ್ಳೆ ಆಹಾರ, ಶುದ್ಧ ನೀರು ಕೊಟ್ಟರೆ ಬಹಳ ಸಲ ತಾನೇ ಹೋಗುತ್ತದೆ.

ಇನ್ನು ಚುಕ್ಕೆಯೂ ಇಲ್ಲ, ಧೂಳೂ ಇಲ್ಲ, ಬೆಳಗ್ಗೆ ಎದ್ದು ನೋಡಿದರೆ ಎಲ್ಲ ಮೀನೂ ಒಟ್ಟಿಗೆ ಮೇಲೆ ಬಂದು ಏದುಸಿರು ಬಿಡುತ್ತಿವೆ ಎಂದರೆ ಮೊದಲು ರೋಗ ಎನ್ನಬೇಡಿ. ರಾತ್ರಿ ಕರೆಂಟು ಹೋಗಿತ್ತೇ ಕೇಳಿ, ಅಮೋನಿಯಾ ಅಳೆಯಿರಿ, ನೀರು ಬದಲಿಸಿ. ನೀರೆಂದ ಮೇಲೆ ಇದನ್ನೂ ಹೇಳಬೇಕು: ಜುಹೂ ಕಡಲಿನಿಂದ ಕ್ಯಾನಿನಲ್ಲಿ ನೀರು ತರುವ ಸಾಹಸ ಬೇಡ, ಆ ನೀರಿಗೆ ನಗರದ ಕೊಳಚೆ ಸೇರಿದೆ.

ಮೀನು ಸತ್ತರೆ ಮನೆಗೆ ಬರಬೇಕಿದ್ದ ಕಂಟಕವನ್ನು ಅದು ಹೊತ್ತುಕೊಂಡು ಹೋಯಿತು ಎಂದು ಸಮಾಧಾನ ಹೇಳುವವರು ನಮ್ಮಲ್ಲಿ ಇದ್ದಾರೆ. ಪಾಪ, ಅದು ಹೋದದ್ದು ಉಸಿರಾಡಲು ಆಗದೆ. ಆದ್ದರಿಂದ ಮೀನು ಆರೋಗ್ಯವಾಗಿರುವಾಗಲೇ ಗಡಿಯಾರ ಹಿಡಿದು ಅದರ ಕಿವಿರು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಣಿಸಿ, ಟ್ಯಾಂಕಿನ ಪಕ್ಕ ಬರೆದಿಡಿ. ಕಾಯಿಲೆ ಕಿವಿರಿಗೆ ಹತ್ತಿದ್ದರೆ ಚುಕ್ಕೆ ಕಣ್ಣಿಗೆ ಬೀಳುವ ಮೊದಲೇ ಆ ಲೆಕ್ಕ ಏರಬಹುದು. ಹೊಸ ಮೀನು ತಂದಾಗ ಕನಿಷ್ಠ ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿಟ್ಟು ನೋಡಿ. ಅದಕ್ಕೊಂದು ಬೇರೆ ಬಲೆ ಕೊಳ್ಳಿ, ಒದ್ದೆ ಕೈಯನ್ನು ಒರೆಸಿಕೊಳ್ಳದೆ ಈ ಟ್ಯಾಂಕಿನಿಂದ ಆ ಟ್ಯಾಂಕಿಗೆ ಹಾಕಬೇಡಿ.