ಕಾಯಿಲೆಯ ದಿನಗಳ ಕೂಲಿ: ಇ.ಎಸ್.ಐ. ಅನಾರೋಗ್ಯ ಭತ್ಯೆಯನ್ನು ಪಡೆಯುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರು, ಗ್ರಂಥಾಲಯ ಮೇಲ್ವಿಚಾರಕರು ಹಾಗೂ ಆಶಾ ಕಾರ್ಯಕರ್ತೆಯರ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು, ಶ್ರೀರಂಗಪಟ್ಟಣದ ಸುತ್ತಲಿನ ಸಿದ್ಧ ಉಡುಪು ಕಾರ್ಖಾನೆಗಳಿಗೆ ಹಳ್ಳಿಗಳಿಂದ ನಿತ್ಯವೂ ಹೋಗಿಬರುವ ಕಾರ್ಮಿಕರ ಸಂಬಳದ ಚೀಟಿಯಲ್ಲಿ ‘ಇ.ಎಸ್.ಐ.’ ಎಂಬ ಒಂದು ಸಾಲು ಇರುತ್ತದೆ. ತಿಂಗಳಿಗೆ 13,000 ರೂಪಾಯಿ ವೇತನ ಪಡೆಯುವವರಿಗೆ ಆ ಸಾಲಿನ ಎದುರು 98 ರೂಪಾಯಿ ಕಡಿತವಾಗಿರುತ್ತದೆ. ಇದು ಏತಕ್ಕೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ, “ಆಸ್ಪತ್ರೆಗೆ ಹಿಡಿಯುತ್ತಾರೆ” ಎಂಬುದು. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಆ 98 ರೂಪಾಯಿಯಲ್ಲಿ ಚಿಕಿತ್ಸೆಯ ಜೊತೆಗೆ, ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳ ಕೂಲಿಯ ಹಕ್ಕೂ ಅಡಗಿದೆ. ಈ ಉಳಿದರ್ಧ ತಿಳಿಯದೆ ಇರುವುದರಿಂದಲೇ ಹದಿನೈದು ದಿನ ಜ್ವರದಲ್ಲಿ ಮಲಗಿದ ಮನೆಯವರು ಸಂಘದ ವಾರದ ಕಂತು ಕಟ್ಟಲು ಇನ್ನೊಂದು ಕೈಸಾಲ ಮಾಡುತ್ತಾರೆ. ಕಾರ್ಖಾನೆ ಇರುವುದು ಪಟ್ಟಣದಲ್ಲಾದರೂ ಕಾಯಿಲೆಯವರು ಮಲಗುವುದು ಹಳ್ಳಿಯಲ್ಲಿ. ಆದಕಾರಣ ಈ ವಿಷಯವು ಗ್ರಾಮ ಪಂಚಾಯಿತಿಗಳ ಗಮನಕ್ಕೂ ಬರುವುದು ಉಚಿತ.

ಈ ಯೋಜನೆಯ ಮೂಲ ಸ್ವಾತಂತ್ರ್ಯಪೂರ್ವದ್ದು. ಕಾರ್ಮಿಕರ ಆರೋಗ್ಯ ವಿಮೆಯ ಕುರಿತು ಪ್ರೊ. ಬಿ. ಪಿ. ಅಡಾರ್ಕರ್ ಅವರು 1944ರಲ್ಲಿ ವರದಿ ಸಲ್ಲಿಸಿದರು, 1948ರಲ್ಲಿ ಕಾಯ್ದೆಯಾಯಿತು, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಯೋಜನೆಯನ್ನು ಉದ್ಘಾಟಿಸಿದರು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ವ್ಯವಸ್ಥೆಯನ್ನು ಉಳಿಸಿಕೊಳ್ಳಲಾಗಿದೆ. ಹೆಸರಿನ ಬಗ್ಗೆ ಒಂದು ಮಾತು ಹೇಳಬೇಕು. ‘ಕಾರ್ಮಿಕರ ರಾಜ್ಯ ವಿಮಾ ನಿಗಮ’ ಎಂಬಲ್ಲಿನ ‘ರಾಜ್ಯ’ ಎಂಬ ಪದವನ್ನು ಕಂಡು ಅನೇಕರು ಇದನ್ನು ಕರ್ನಾಟಕ ಸರ್ಕಾರದ ಕಚೇರಿಯೆಂದು ಭಾವಿಸುತ್ತಾರೆ. ನಿಗಮವು ಕೇಂದ್ರದ್ದು. ಆದರೆ ಜನರು ಡಿಸ್ಪೆನ್ಸರಿ ಎಂದು ಕರೆಯುವ ಇ.ಎಸ್.ಐ. ಚಿಕಿತ್ಸಾಲಯಗಳನ್ನು ನಮ್ಮಲ್ಲಿ ಬಹುಮಟ್ಟಿಗೆ ನಡೆಸುವುದು ರಾಜ್ಯ ಸರ್ಕಾರ. ಔಷಧ ಮತ್ತು ಪ್ರಮಾಣಪತ್ರ ಒಂದು ಕಡೆ, ಹಣ ಇನ್ನೊಂದು ಕಡೆ. ಇದನ್ನು ತಿಳಿಯದವರು ಚಿಕಿತ್ಸಾಲಯದ ಕಿಟಕಿಯಲ್ಲಿ ಹಣ ಕೇಳಿ, ‘ಇಲ್ಲಿ ಕೊಡುವುದಿಲ್ಲ’ ಎಂಬ ಉತ್ತರ ಕೇಳಿ, ಹಣವೇ ಇಲ್ಲವೆಂದು ತಿಳಿದು ಹಿಂದಿರುಗುತ್ತಾರೆ. ಹಣ ಕೊಡುವುದು ನಿಗಮದ ಶಾಖಾ ಕಚೇರಿ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗಳಲ್ಲಿ, ತಿಂಗಳಿಗೆ 21,000 ರೂಪಾಯಿಗಳವರೆಗೆ ವೇತನ ಪಡೆಯುವವರು ಈ ವಿಮೆಗೆ ಒಳಪಡುತ್ತಾರೆ. ಅಂಗವಿಕಲರಿಗೆ ಈ ಮಿತಿ 25,000. 2019ರ ಜುಲೈ 1ರಿಂದ ಕಾರ್ಮಿಕರ ಪಾಲು ವೇತನದ ಶೇ. 0.75, ಮಾಲೀಕರ ಪಾಲು ಶೇ. 3.25. ಗುತ್ತಿಗೆದಾರರ ಮೂಲಕ ಸೇರಿದವರಿಗೂ ಇದು ಅನ್ವಯಿಸುತ್ತದೆ. ಉದ್ಯೋಗ ಖಾತರಿ ಕೂಲಿಕಾರರು ಇದರ ವ್ಯಾಪ್ತಿಗೆ ಬರುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಬೇರೆ, ಇದು ಬೇರೆ.

ಈಗ ಮುಖ್ಯ ವಿಷಯ. ಅನಾರೋಗ್ಯ ಭತ್ಯೆಗೆ ಅರ್ಹತೆಯನ್ನು ನಿರ್ಣಯಿಸುವ ಸಂಖ್ಯೆ 78. ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ವಿಂಗಡಿಸಲಾಗಿದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗಿನ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿದ್ದರೆ, ಮುಂದಿನ ಜನವರಿ 1ರಿಂದ ಜೂನ್ 30ರವರೆಗೆ ಭತ್ಯೆಯ ಹಕ್ಕು ಇರುತ್ತದೆ. ಅಕ್ಟೋಬರ್ 1ರಿಂದ ಮಾರ್ಚ್ 31ರ ವಂತಿಗೆಗೆ ಜುಲೈ 1ರಿಂದ ಡಿಸೆಂಬರ್ 31ರವರೆಗಿನ ಹಕ್ಕು. ಅಂದರೆ ಮಾರ್ಚ್ ತಿಂಗಳಿನಲ್ಲಿ ಕಾಯಿಲೆ ಬಿದ್ದವರ ವಿಷಯದಲ್ಲಿ ನೋಡುವುದು ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕವನ್ನೇ ಹೊರತು ಫೆಬ್ರವರಿಯ ಲೆಕ್ಕವನ್ನಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ಹಕ್ಕಿನ ಅವಧಿ ಆರಂಭವಾಗುವುದು ಸೇರಿದ ಒಂಬತ್ತು ತಿಂಗಳ ಬಳಿಕ. ಅವರ ಮೊದಲ ವಂತಿಗೆ ಅವಧಿಯು 156 ದಿನಗಳಿಗಿಂತ ಚಿಕ್ಕದಾಗಿದ್ದರೆ 78ರ ನಿಯಮವೂ ಸಡಿಲವಾಗುತ್ತದೆ. ಅವಧಿಯ ಅರ್ಧದಷ್ಟು ದಿನಗಳ ವಂತಿಗೆ ಸಾಕು. ಚಿಕಿತ್ಸೆಗೆ ಈ ಕಾಯುವಿಕೆ ಇಲ್ಲ, ಅದು ಸೇರಿದ ದಿನದಿಂದಲೇ ಲಭ್ಯ.

ಎಷ್ಟು ಹಣ ಬರುತ್ತದೆ? ಸರಾಸರಿ ದಿನಗೂಲಿಯ ಶೇ. 70. ಮೇಲೆ ಹೇಳಿದ 13,000 ರೂಪಾಯಿಯ ಕಾರ್ಮಿಕ ಮಹಿಳೆಯು ಆರು ತಿಂಗಳಲ್ಲಿ 156 ದಿನಗಳಿಗೆ ಒಟ್ಟು 78,000 ರೂಪಾಯಿ ವೇತನ ಪಡೆದಿದ್ದರೆ ಸರಾಸರಿ ದಿನಗೂಲಿ 500 ರೂಪಾಯಿ, ಭತ್ಯೆ ದಿನಕ್ಕೆ 350 ರೂಪಾಯಿ. ಮೊದಲ ಎರಡು ದಿನಗಳಿಗೆ ಹಣವಿಲ್ಲ. ಹಿಂದಿನ ಬಾರಿ ಭತ್ಯೆ ಪಡೆದ ಕಾಯಿಲೆ ಮುಗಿದು ಹದಿನೈದು ದಿನಗಳೊಳಗೆ ಮತ್ತೆ ಮಲಗಿದರೆ ಮಾತ್ರ ಈ ಎರಡು ದಿನಗಳ ಕಡಿತ ಇರುವುದಿಲ್ಲ. ಹದಿನೈದು ದಿನಗಳ ಪ್ರಮಾಣಪತ್ರವಿದ್ದರೆ 13 ದಿನಗಳ ಹಣ, ಅಂದರೆ 4,550 ರೂಪಾಯಿ. ಆಕೆಯ ನಾಲ್ಕು ವರ್ಷಗಳ ಕಡಿತಕ್ಕೆ ಇದು ಹೆಚ್ಚುಕಡಿಮೆ ಸಮ. ಒಂದು ವರ್ಷದಲ್ಲಿ, ಎಂದರೆ ಎರಡು ಹಕ್ಕಿನ ಅವಧಿಗಳು ಸೇರಿ, ಹೆಚ್ಚೆಂದರೆ 91 ದಿನಗಳಿಗೆ ಈ ಭತ್ಯೆ ದೊರೆಯುತ್ತದೆ.

ಇಷ್ಟೆಲ್ಲ ಅರ್ಹತೆ ಇದ್ದವರೂ ಹಣ ಕಳೆದುಕೊಳ್ಳುವುದು ಕಾಯಿಲೆಯ ಮೊದಲ ದಿನವೇ. ಜ್ವರ ಬಂದವರು ಊರಿನ ಖಾಸಗಿ ವೈದ್ಯರಲ್ಲಿ ಸೂಜಿ ಹಾಕಿಸಿಕೊಂಡು, ಮಾತ್ರೆ ತಂದು ಮಲಗುತ್ತಾರೆ. ಹತ್ತು ದಿನಗಳ ನಂತರ ಗುಣವಾಗಿ, ಯಾರೋ ಹೇಳಿದರೆಂದು ಇ.ಎಸ್.ಐ. ಚಿಕಿತ್ಸಾಲಯಕ್ಕೆ ಹೋಗಿ ಹಿಂದಿನ ಹತ್ತು ದಿನಗಳಿಗೆ ಪ್ರಮಾಣಪತ್ರ ಕೇಳುತ್ತಾರೆ. ತಾವು ಪರೀಕ್ಷಿಸದ ದಿನಗಳಿಗೆ ವೈದ್ಯರು ಬರೆದುಕೊಡುವುದಾದರೂ ಹೇಗೆ? ಈ ನಿರಾಕರಣೆಯನ್ನು ಕಾರ್ಮಿಕರು ದರ್ಪವೆಂದು ಭಾವಿಸುವುದುಂಟು. ದೋಷವಿರುವುದು ಅಲ್ಲಿಯಲ್ಲ, ಮೊದಲೇ ತಿಳಿಸದ ವ್ಯವಸ್ಥೆಯಲ್ಲಿ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಈ ಒಂದು ಸಂಗತಿಯನ್ನು ಕಾರ್ಖಾನೆಯ ಸಿಬ್ಬಂದಿ ವಿಭಾಗವು ಕನ್ನಡದಲ್ಲಿ ಹೇಳಿದ್ದರೆ ಸಾಕಾಗುತ್ತಿತ್ತು.

ಸರಿಯಾದ ಕ್ರಮ ಹೀಗಿದೆ. ಕಾಯಿಲೆಯ ಮೊದಲ ದಿನ, ತಪ್ಪಿದರೆ ಮರುದಿನ, ತಮಗೆ ಗೊತ್ತುಪಡಿಸಿದ ಚಿಕಿತ್ಸಾಲಯಕ್ಕೆ ಹತ್ತಂಕಿಯ ವಿಮಾ ಸಂಖ್ಯೆಯ ಕಾರ್ಡಿನೊಡನೆ ಹೋಗಬೇಕು. ವೈದ್ಯರು ವಿಶ್ರಾಂತಿ ಅಗತ್ಯವೆಂದು ಕಂಡರೆ ಮೊದಲ ಪ್ರಮಾಣಪತ್ರ ಕೊಡುತ್ತಾರೆ. ಕಾಯಿಲೆ ಮುಂದುವರಿದರೆ ವಾರ ಮೀರದಂತೆ ಮತ್ತೆ ತೋರಿಸಿ ಮಧ್ಯಂತರ ಪ್ರಮಾಣಪತ್ರ ಪಡೆಯಬೇಕು. ಗುಣವಾದಾಗ ಕೆಲಸಕ್ಕೆ ಹೋಗಲು ಯೋಗ್ಯರೆಂಬ ಅಂತಿಮ ಪ್ರಮಾಣಪತ್ರ. ಈ ಸರಪಳಿಯಲ್ಲಿ ನಡುವಿನ ಒಂದು ಕೊಂಡಿ ಕಳಚಿದರೂ ಆ ದಿನಗಳ ಹಣ ಪ್ರಶ್ನೆಗೆ ಒಳಗಾಗುತ್ತದೆ.

ಪೀಣ್ಯದಲ್ಲಿ ದುಡಿಯುವ ರಾಯಚೂರಿನ ಯುವಕನು ಮೈ ಕೈ ಸೋತೊಡನೆ ರಾತ್ರಿಯ ಬಸ್ಸು ಹತ್ತಿ ತಾಯಿಯ ಮನೆಗೆ ಹೋಗುವುದು ಸಹಜ. ಆದರೆ ಭತ್ಯೆ ಪಡೆಯುವವರು ವೈದ್ಯಾಧಿಕಾರಿಯ ಅನುಮತಿಯಿಲ್ಲದೆ ಚಿಕಿತ್ಸೆಯ ಪ್ರದೇಶವನ್ನು ಬಿಟ್ಟು ಹೋಗಬಾರದೆಂಬ ನಿಯಮವಿದೆ. ಊರಿಗೆ ಹೋಗುವುದು ನಿಷಿದ್ಧವಲ್ಲ; ತೋರಿಸಿ, ತಿಳಿಸಿ, ಅನುಮತಿ ಪಡೆದು ಹೋಗಬೇಕು. ಊರಿನಲ್ಲಿರುವಾಗಲೇ ಕಾಯಿಲೆ ಬಂದು ಇ.ಎಸ್.ಐ. ಚಿಕಿತ್ಸಾಲಯ ತಲುಪಲಾಗದಿದ್ದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಂದರ್ಭವು ಸಮರ್ಥನೀಯವೆಂದು ಕಂಡುಬಂದಲ್ಲಿ ನಿಗಮವು ಬೇರೆ ವೈದ್ಯಕೀಯ ಸಾಕ್ಷ್ಯವನ್ನು ಒಪ್ಪಬಹುದೆಂದು ನಿಯಮಾವಳಿಯಲ್ಲಿದೆ. ಒಪ್ಪಲೇಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ಚೀಟಿ, ಪ್ರಯೋಗಾಲಯದ ವರದಿ, ಆಸ್ಪತ್ರೆಯ ಬಿಡುಗಡೆ ಪತ್ರ, ಇವೆಲ್ಲವೂ ದಿನಾಂಕ, ಮೊಹರು ಹಾಗೂ ರೋಗದ ಹೆಸರಿನೊಂದಿಗೆ ಇದ್ದರೆ ಕೇಳುವುದಕ್ಕೆ ಒಂದು ಆಧಾರವಿರುತ್ತದೆ. ಇಲ್ಲಿ ಆಶಾ ಕಾರ್ಯಕರ್ತೆಯರ ಒಂದು ಮಾತು ಬಹಳ ಉಪಯೋಗಕ್ಕೆ ಬರುತ್ತದೆ: “ಅಕ್ಕ, ಚೀಟಿ ಎಸೆಯಬೇಡಿ.”

ಇನ್ನೊಂದು ತೊಡಕು ವಿಮಾ ಸಂಖ್ಯೆಯದು. ಒಬ್ಬರಿಗೆ ಜೀವಮಾನಕ್ಕೆ ಒಂದೇ ಸಂಖ್ಯೆ ಇರಬೇಕು. ಆದರೆ ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಸಂಖ್ಯೆ ಮಾಡಿಸುವ ರೂಢಿ ಇದೆ. ಹಳೆಯ ಸಂಖ್ಯೆಯಲ್ಲಿ 50 ದಿನ, ಹೊಸದರಲ್ಲಿ 40 ದಿನ ವಂತಿಗೆ ಸಂದಿದ್ದರೆ ಆ ವ್ಯಕ್ತಿ ದುಡಿದದ್ದು 90 ದಿನ. ಗಣಕಯಂತ್ರದ ಕಣ್ಣಿಗೆ ಮಾತ್ರ ಇಬ್ಬರು ವ್ಯಕ್ತಿಗಳು, ಇಬ್ಬರೂ 78 ಮುಟ್ಟದವರು. ಆದ್ದರಿಂದ ಹೊಸ ಕೆಲಸಕ್ಕೆ ಸೇರುವಾಗ ಹಳೆಯ ಸಂಖ್ಯೆಯನ್ನೇ ಕೊಡಬೇಕು. ಈಗಾಗಲೇ ಎರಡಿದ್ದರೆ ಶಾಖಾ ಕಚೇರಿಯಲ್ಲಿ ಅರ್ಜಿ ಕೊಟ್ಟು ಒಂದುಗೂಡಿಸಲು ಕೋರಬೇಕು. ಎಷ್ಟು ದಿನಗಳ ವಂತಿಗೆ ಜಮೆಯಾಗಿದೆಯೆಂಬುದನ್ನು ನಿಗಮದ ಜಾಲತಾಣದಲ್ಲಿ ವಿಮಾದಾರರೇ ನೋಡಬಹುದು. ಪ್ರತಿ ತಿಂಗಳ ವಂತಿಗೆಯನ್ನು ಮಾಲೀಕರು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸಂಬಳದಲ್ಲಿ ಕಡಿತ ಮಾಡಿಯೂ ಕಟ್ಟದೆ ಇದ್ದು, ಅದರಿಂದಾಗಿ ಕಾರ್ಮಿಕರ ಹಕ್ಕಿಗೆ ಧಕ್ಕೆ ಬಂದರೆ, ನಿಗಮವು ಭತ್ಯೆಯನ್ನು ತಾನೇ ನೀಡಿ ಮಾಲೀಕರಿಂದ ವಸೂಲು ಮಾಡಲು ಅವಕಾಶವಿದೆ. ಸಂಬಳದ ಚೀಟಿ ಜೋಪಾನವಾಗಿರಬೇಕೆಂದು ಹೇಳುವುದು ಇದಕ್ಕಾಗಿಯೇ.

ಪ್ರಮಾಣಪತ್ರಗಳು ಕೈಗೆ ಬಂದ ಮೇಲೆ ನಮೂನೆ 9ರಲ್ಲಿ ಕೋರಿಕೆ ತುಂಬಿ ಶಾಖಾ ಕಚೇರಿಗೆ ಸಲ್ಲಿಸಬೇಕು. ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಕಾರ್ಖಾನೆಯ ದಾಖಲೆಯಲ್ಲಿ ಮತ್ತೊಂದು ಇದ್ದರೆ ಎಷ್ಟು ಅಲೆದಾಟವೆಂಬುದನ್ನು ಪಂಚಾಯಿತಿ ಸಿಬ್ಬಂದಿಗೆ ವಿವರಿಸಬೇಕಾಗಿಲ್ಲ. ಆ ದಿನಗಳಲ್ಲಿ ಕಾರ್ಮಿಕರು ಕೆಲಸಕ್ಕೆ ಬಂದಿರಲಿಲ್ಲವೆಂಬುದನ್ನು ಕಚೇರಿಯು ಮಾಲೀಕರಿಂದ ದೃಢಪಡಿಸಿಕೊಳ್ಳುತ್ತದೆ. ವೇತನಸಹಿತ ರಜೆ ಪಡೆದ ದಿನಗಳಿಗೆ ಭತ್ಯೆ ಇಲ್ಲ. ಒಂದೇ ದಿನಕ್ಕೆ ಎರಡೂ ಸಲ್ಲದು.

ಕ್ಷಯರೋಗದ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ, ಏಕೆಂದರೆ ಕ್ಷಯಮುಕ್ತ ಪಂಚಾಯಿತಿ ಅಭಿಯಾನದಲ್ಲಿ ರೋಗಿಗಳ ಮನೆಬಾಗಿಲಿಗೆ ಹೋಗುತ್ತಿರುವವರು ಈ ಸಭೆಯಲ್ಲಿಯೇ ಇದ್ದಾರೆ. ನಿಕ್ಷಯ್ ಪೋಷಣ್ ಯೋಜನೆಯ ಪೌಷ್ಟಿಕ ಆಹಾರದ ಹಣದ ಬಗ್ಗೆ ಎಲ್ಲರಿಗೂ ಗೊತ್ತು. ರೋಗಿಯು ಇ.ಎಸ್.ಐ. ವಿಮಾದಾರರೇ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ. ಕ್ಷಯ, ಕುಷ್ಠ, ಕ್ಯಾನ್ಸರ್ ಸೇರಿದಂತೆ 34 ದೀರ್ಘಕಾಲೀನ ರೋಗಗಳಿಗೆ, 91 ದಿನಗಳು ಮುಗಿದ ಬಳಿಕ, ಶೇ. 80ರ ದರದಲ್ಲಿ ವಿಸ್ತೃತ ಅನಾರೋಗ್ಯ ಭತ್ಯೆ ಇದೆ. ಗರಿಷ್ಠ ಎರಡು ವರ್ಷಗಳವರೆಗೂ ವಿಸ್ತರಿಸಬಹುದು. ಇದಕ್ಕೆ ಎರಡು ವರ್ಷಗಳ ನಿರಂತರ ವಿಮಾ ಉದ್ಯೋಗ ಹಾಗೂ ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನಗಳ ವಂತಿಗೆ ಬೇಕು. ದಿನಗೂಲಿ ಸರಾಸರಿ 500 ರೂಪಾಯಿಯ ಅದೇ ಮಹಿಳೆಗೆ ವೈದ್ಯರು 180 ದಿನಗಳ ವಿಶ್ರಾಂತಿಯನ್ನು ಪ್ರಮಾಣೀಕರಿಸಿದರೆ, ಮೊದಲ ಎರಡು ದಿನ ಬಿಟ್ಟು, 91 ದಿನಗಳಿಗೆ 31,850 ರೂಪಾಯಿ, ಉಳಿದ 87 ದಿನಗಳಿಗೆ ದಿನಕ್ಕೆ 400ರಂತೆ 34,800 ರೂಪಾಯಿ, ಒಟ್ಟು 66,650 ರೂಪಾಯಿ ದೊರೆಯುತ್ತದೆ. ಕ್ಷಯದ ಮಾತ್ರೆಯನ್ನು ಎರಡನೆಯ ತಿಂಗಳಿಗೇ ಬಿಟ್ಟು ಕೆಲಸಕ್ಕೆ ಓಡುವವರಲ್ಲಿ ಹಲವರು ಅಜ್ಞಾನದಿಂದ ಬಿಡುವುದಿಲ್ಲ, ಮನೆ ನಡೆಯಬೇಕೆಂದು ಬಿಡುತ್ತಾರೆ. ಅಂಥವರ ಮುಂದೆ ಮಾತ್ರೆಯ ಮಹತ್ವವನ್ನು ಹೇಳುವುದರ ಜೊತೆಗೆ ಈ ಲೆಕ್ಕವನ್ನೂ ಹೇಳಬೇಕು.

ಸಂತಾನಹರಣ ಶಸ್ತ್ರಚಿಕಿತ್ಸೆಗೆ ಪೂರ್ಣ ವೇತನದ ದರದಲ್ಲಿ, ಮಹಿಳೆಯರಿಗೆ 14 ದಿನ, ಪುರುಷರಿಗೆ 7 ದಿನ ಭತ್ಯೆ ಇದೆ.

ಕೆಲಸ ಹೋಗುವುದೆಂಬ ಭಯದಿಂದ ಪ್ರಮಾಣಪತ್ರ ಪಡೆಯಲು ಹಿಂಜರಿಯುವವರೂ ಇದ್ದಾರೆ. ಅನಾರೋಗ್ಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕಾರ್ಮಿಕರನ್ನು ಕೆಲಸದಿಂದ ತೆಗೆಯುವುದಾಗಲಿ ಶಿಕ್ಷಿಸುವುದಾಗಲಿ ಕಾನೂನಿಗೆ ವಿರುದ್ಧ. ದೀರ್ಘ ರೋಗಗಳಲ್ಲಿ ಎಷ್ಟು ಕಾಲದವರೆಗೆ ಈ ರಕ್ಷಣೆ ಎಂಬುದಕ್ಕೆ ಪ್ರತ್ಯೇಕ ನಿಯಮಗಳಿವೆ. ಇದಕ್ಕೆ ವ್ಯತಿರಿಕ್ತವಾಗಿ, ಏನೂ ತಿಳಿಸದೆ ಹತ್ತು ದಿನ ಗೈರುಹಾಜರಾದವರ ಕೈಯಲ್ಲಿ ವಾದಿಸಲು ಏನೂ ಇರುವುದಿಲ್ಲ. ಪ್ರಮಾಣಪತ್ರವು ಕೆಲಸಕ್ಕೆ ಕುತ್ತಲ್ಲ, ಕಾವಲು.

ಗ್ರಾಮ ಪಂಚಾಯಿತಿಗೆ ಈ ಯೋಜನೆಯಲ್ಲಿ ಯಾವ ಅಧಿಕಾರವೂ ಇಲ್ಲ; ಮಂಜೂರು ಮಾಡುವುದೂ ತಿರಸ್ಕರಿಸುವುದೂ ನಿಗಮದ ಕೆಲಸ. ಆದರೂ ಗ್ರಂಥಾಲಯದ ಗಣಕಯಂತ್ರದಲ್ಲಿ ವಂತಿಗೆಯ ದಿನಗಳನ್ನು ನೋಡಿಕೊಡುವುದು, ಹತ್ತಿರದ ಚಿಕಿತ್ಸಾಲಯ ಹಾಗೂ ಶಾಖಾ ಕಚೇರಿಯ ವಿಳಾಸವನ್ನು ಸೂಚನಾ ಫಲಕದಲ್ಲಿ ಬರೆಸುವುದು, ನಮೂನೆ 9ರ ಪ್ರತಿಗಳನ್ನು ಇರಿಸಿಕೊಳ್ಳುವುದು, ಇವಕ್ಕೆ ಯಾರ ಆದೇಶವೂ ಬೇಕಿಲ್ಲ. ಗ್ರಾಮಸಭೆಯನ್ನು ಭಾನುವಾರ ಇಟ್ಟುಕೊಂಡರೆ ಕಾರ್ಖಾನೆಗೆ ಹೋಗುವವರೂ ಬಂದಾರು. ವಾರದ ನಡುವೆ ನಡೆಸಿ ‘ಯಾರೂ ಬರಲಿಲ್ಲ’ ಎಂದು ಬರೆಯುವುದರಲ್ಲಿ ಅರ್ಥವಿಲ್ಲ. ನಿಗಮದ ಉಚಿತ ಸಹಾಯವಾಣಿ 1800-11-2526. ಶಾಖಾ ಕಚೇರಿಯಲ್ಲಿ ಇತ್ಯರ್ಥವಾಗದ ದೂರುಗಳನ್ನು ‘ಸುವಿಧಾ ಸಮಾಗಮ’ ಎಂಬ ಮಾಸಿಕ ಸಭೆಯಲ್ಲಿ ಮಂಡಿಸಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಕಾರ್ಮಿಕರ ವಿಮಾ ನ್ಯಾಯಾಲಯವಿದೆ.

ಭತ್ಯೆಯ ಕೋರಿಕೆಯನ್ನು ಅದು ಸಲ್ಲಬೇಕಾದ ದಿನದಿಂದ 12 ತಿಂಗಳೊಳಗೆ ಸಲ್ಲಿಸಬೇಕು. ಕಳೆದ ಒಂದು ವರ್ಷದಲ್ಲಿ ಚಿಕಿತ್ಸಾಲಯದ ಪ್ರಮಾಣಪತ್ರ ಪಡೆದು, ಅದನ್ನು ಕಾರ್ಖಾನೆಗೆ ಕೊಡಲೆಂದಷ್ಟೇ ಭಾವಿಸಿ, ಹಣಕ್ಕೆ ಕೋರಿಕೆ ಸಲ್ಲಿಸದೆ ಉಳಿದವರು ಪ್ರತಿ ಹಳ್ಳಿಯಲ್ಲಿಯೂ ಇರಬಹುದು. ಮುಂದಿನ ವಾರ ಮನೆಭೇಟಿಗೆ ಹೋಗುವಾಗ ಅವರ ಹೆಸರು, ವಿಮಾ ಸಂಖ್ಯೆ ಮತ್ತು ಪ್ರಮಾಣಪತ್ರದ ದಿನಾಂಕವನ್ನು ಬರೆದುಕೊಂಡು ಬರಬೇಕು. ದಿನಾಂಕ ಹಳೆಯದಾಗಿರುವವರ ಕೋರಿಕೆ ಮೊದಲು ಹೋಗಬೇಕು.