ಲೋಟದಲ್ಲಿ ತಿಳಿಯಾಗುವ ಸುಣ್ಣ



ಸಂಪ್ರದಾಯದಂತೆ ಮೊದಲು ಕೃತಜ್ಞತೆ ಹೇಳಬೇಕು. ಹೇಳಿದ್ದೇನೆ ಎಂದುಕೊಳ್ಳಿ. ಈ ಲೋಟದ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ, ಅದನ್ನು ಮೊದಲು ಶುರುಮಾಡೋಣ. ಇದರಲ್ಲಿರುವುದು ಸುಣ್ಣದ ತಿಳಿನೀರು. ಎಲೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿ ಬಗ್ಗಿಸಿ, ಅದಕ್ಕೆ ಇನ್ನಷ್ಟು ನೀರು ಬೆರೆಸಿ ತಂದಿದ್ದೇನೆ. ಮೊದಲ ಸಾಲಿನ ನಾಲ್ವರು ವಿದ್ಯಾರ್ಥಿಗಳು ಸರದಿಯಂತೆ ಕೊಳವೆಯಲ್ಲಿ ಊದುತ್ತಿರಲಿ. ತಲೆ ತಿರುಗಿದರೆ ಪಕ್ಕದವರಿಗೆ ದಾಟಿಸಿ. ಊದಿ, ಹೀರಬೇಡಿ.

ಈ ಪ್ರಯೋಗ ನಿಮಗೆಲ್ಲ ಗೊತ್ತು. ಉಸಿರು ಊದಿದರೆ ತಿಳಿನೀರು ಹಾಲಾಗುತ್ತದೆ. ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆ ಎಂಬುದಕ್ಕೆ ಅದು ಸಾಕ್ಷಿ. ಚಿತ್ರ ಬರೆದು ಭಾಗಗಳನ್ನು ಗುರುತಿಸಿ, ಐದು ಅಂಕ. ನಾನೂ ಹಲವು ವರ್ಷ ಅಷ್ಟನ್ನೇ ಕಲಿಸಿದೆ. ಹಾಲಾದ ಮೇಲೂ ಊದುತ್ತಲೇ ಇದ್ದರೆ ಏನಾಗುತ್ತದೆ ಎಂದು ನಾವು ಕೇಳುವುದಿಲ್ಲ, ಅಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಇವತ್ತು ನಾನು ಹೇಳಹೊರಟ ಹವಳದ ಕಥೆ ಇರುವುದು ಗಂಟೆ ಬಾರಿಸಿದ ಮೇಲಿನ ಆ ಭಾಗದಲ್ಲಿ.

ಮಂಗಳೂರಿನಲ್ಲಿ ನಿಂತು ಹವಳದ ಮಾತಾಡುವುದು ದೂರದ ಮಾತೇನಲ್ಲ. ಲಕ್ಷದ್ವೀಪದ ಉತ್ತರದ ಗುಂಪು, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಇಲ್ಲಿನ ಹಳೆ ಬಂದರಿನಿಂದ ಸರಕು ಹೊತ್ತ ಹಡಗುಗಳು ಇವತ್ತಿಗೂ ಆ ದ್ವೀಪಗಳಿಗೆ ಹೋಗುತ್ತವೆ. ನಮ್ಮ ಈ ಹಳೆಯ ನೆರೆಯವರ ಕಾಲ ಕೆಳಗಿನ ನೆಲವೆಲ್ಲ ಹವಳದ ಸುಣ್ಣ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಬಂಡೆಗಳ ಮೇಲೂ ಹವಳ ಬೆಳೆದಿದೆ, ಆದರೆ ಅಲ್ಲಿ ಅದು ಬಾಡಿಗೆದಾರ; ಲಕ್ಷದ್ವೀಪದಲ್ಲಿ ಮನೆ ಕಟ್ಟಿದ್ದೇ ಅದು. ಹವಳ ಎಂದೊಡನೆ ಕರಿಮಣಿಯ ನಡುವಿನ ಕೆಂಪು ಮಣಿ ನೆನೆಯುವವರಿಗೆ ಒಂದು ಮಾತು: ಅದು ಮೆಡಿಟರೇನಿಯನ್ ಕಡಲಿನ ಬೇರೆ ಜಾತಿ, ದ್ವೀಪ ಕಟ್ಟುವ ಬಳಗದ್ದಲ್ಲ.

ಈ ಕಟ್ಟುವ ಬಳಗದ ಸಾಮರ್ಥ್ಯ ಎಷ್ಟು? ಮುಳುಗುತ್ತಿರುವ ಜ್ವಾಲಾಮುಖಿಯ ಸುತ್ತ ಹವಳ ಮೇಲಕ್ಕೆ ಬೆಳೆಯುತ್ತ ಹೋಗುವುದರಿಂದ ಬಳೆಯಾಕಾರದ ದ್ವೀಪಗಳು ಹುಟ್ಟುತ್ತವೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಬರೆದ. ನಂಬಿದವರೂ ಇದ್ದರು, ನಕ್ಕವರೂ ಇದ್ದರು. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ದ್ವೀಪದಲ್ಲಿ ಕೊಳವೆ ಕೊರೆದಾಗ ಸುಮಾರು 1,400 ಮೀಟರ್ ಸುಣ್ಣಕಲ್ಲು ದಾಟಿದ ಮೇಲೆ ಜ್ವಾಲಾಮುಖಿಯ ಕಪ್ಪು ಕಲ್ಲು ಸಿಕ್ಕಿತು. ಕುದುರೆಮುಖದ ತುದಿಯಿಂದ ಕಡಲಿನವರೆಗಿನ ಎತ್ತರದ ಮುಕ್ಕಾಲು ಪಾಲನ್ನು ಕೆಲವು ಮಿಲಿಮೀಟರ್ ಅಗಲದ ಮೆದು ಜೀವಿಗಳು ಕಟ್ಟಿದ್ದವು.

ಹೇಗೆ ಕಟ್ಟುತ್ತವೆ? ಈ ಜೀವಿಯ ಹೆಸರು ಪಾಲಿಪ್. ಸುಣ್ಣದ ಬಟ್ಟಲಿನಲ್ಲಿ ಕೂತ ಹೂವಿನಂತೆ ಕಾಣುತ್ತದೆ. ಅದರ ತಳಕ್ಕೂ ಬಟ್ಟಲಿಗೂ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಸಂದು ಇದೆ. ಸಮುದ್ರದ ನೀರು ಆ ಸಂದಿಗೆ ಜಿನುಗುತ್ತದೆ. ಎಲುಬು ಹರಳುಗಟ್ಟುವುದು ಅಲ್ಲಿ. ಅದಕ್ಕೆ ಬೇಕಾದವು ಎರಡೇ: ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್. ಕ್ಯಾಲ್ಸಿಯಂಗೆ ಕಡಲಿನಲ್ಲಿ ಬರವಿಲ್ಲ. ತಾಪತ್ರಯವೆಲ್ಲ ಕಾರ್ಬೊನೇಟ್‌ನದು.

ಸಮುದ್ರದಲ್ಲಿ ಕರಗಿರುವ ಇಂಗಾಲದ ಬಹುಪಾಲು ಬೈಕಾರ್ಬೊನೇಟ್ ರೂಪದಲ್ಲಿದೆ. ಅದೂ ಕಾರ್ಬೊನೇಟೇ, ಆದರೆ ಮೈಗೆ ಒಂದು ಹೈಡ್ರೊಜನ್ ಅಯಾನು ಅಂಟಿಕೊಂಡಿರುತ್ತದೆ. ಬೈಕಾರ್ಬೊನೇಟ್ ಅನ್ನು ಭತ್ತ ಎಂದುಕೊಳ್ಳಿ, ಕಾರ್ಬೊನೇಟ್ ಅಕ್ಕಿ, ಹೈಡ್ರೊಜನ್ ಉಮಿ. ಹವಳ ತನ್ನ ಸಂದಿನಲ್ಲಿ ಮಾಡುವುದು ಭತ್ತ ಕುಟ್ಟುವ ಕೆಲಸ. ಅದರ ಜೀವಕೋಶಗಳಲ್ಲಿ ಒಂದು ಪಂಪು ಇದೆ. ಒಂದು ಕ್ಯಾಲ್ಸಿಯಂ ಒಳಗೆ ಹಾಕುವಾಗ ಎರಡು ಹೈಡ್ರೊಜನ್ ಹೊರಗೆ ಎಸೆಯುತ್ತದೆ. ಉಮಿ ಹೋದಂತೆ ಒಳಗಿನ ನೀರು ಹೆಚ್ಚು ಕ್ಷಾರವಾಗುತ್ತದೆ. ಹೊರಗಿನ ಕಡಲಿನ ಪಿಎಚ್ ಸುಮಾರು 8.1 ಇದ್ದರೆ ಸಂದಿನೊಳಗೆ 8.4ರಿಂದ 8.7ರ ಆಸುಪಾಸು. ಆಗ ಅರಗೊನೈಟ್ ಎಂಬ ಸುಣ್ಣಕಲ್ಲಿನ ಹರಳುಗಳು ಸೂಜಿಗಳಂತೆ ಮೂಡುತ್ತವೆ. ಪಂಪು ಪುಕ್ಕಟೆ ತಿರುಗುವುದಿಲ್ಲ. ಅದರ ಕೂಲಿಯ ಬಹುಪಾಲನ್ನು ಕೊಡುವುದು ಪಾಲಿಪ್‌ನ ಮೈಯೊಳಗೆ ವಾಸವಾಗಿರುವ ಸೂಕ್ಷ್ಮ ಪಾಚಿಗಳು, ಬಿಸಿಲಿನಿಂದ ಸಕ್ಕರೆ ಮಾಡಿ. ಆದ್ದರಿಂದಲೇ ಹವಳ ಹಗಲು ಬೇಗ ಕಟ್ಟುತ್ತದೆ, ರಾತ್ರಿ ನಿಧಾನ.

ಈಗ ನಮ್ಮ ಹೊಗೆಯ ಮಾತು. ಕೈಗಾರಿಕೆಗಳು ಶುರುವಾಗುವ ಮೊದಲು ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ನಾವು ಉಗುಳಿದ್ದರಲ್ಲಿ ಸುಮಾರು ಕಾಲು ಭಾಗವನ್ನು ಕಡಲು ನುಂಗಿಕೊಳ್ಳುತ್ತದೆ. ಅನಿಲ ನೀರಿಗೆ ಸೇರಿ ಹೈಡ್ರೊಜನ್ ಬಿಡುತ್ತದೆ, ಆ ಹೈಡ್ರೊಜನ್ ಹೋಗಿ ಅಲ್ಲಿದ್ದ ಕಾರ್ಬೊನೇಟ್‌ಗೆ ಅಂಟುತ್ತದೆ. ಇದ್ದ ಅಕ್ಕಿಗೂ ಮತ್ತೆ ಸಿಪ್ಪೆ ಬೆಳೆದು ಭತ್ತವಾದ ಹಾಗೆ. ವಿಚಿತ್ರ ನೋಡಿ: ಕಡಲಿನಲ್ಲಿ ಒಟ್ಟು ಇಂಗಾಲ ಹೆಚ್ಚಿದೆ, ಕಣಜ ತುಂಬಿದೆ, ಅನ್ನಕ್ಕೆ ಬರುವ ಅಕ್ಕಿ ಮಾತ್ರ ಇಳಿದಿದೆ. ಹೊರಗೆ ಉಮಿಯ ರಾಶಿ ಎತ್ತರವಾದಷ್ಟೂ ಒಳಗಿನ ಉಮಿಯನ್ನು ಹೊರಗೆ ಎಸೆಯುವುದು ಕಷ್ಟ.

ಪತ್ರಿಕೆಗಳಲ್ಲಿ ‘ಆಮ್ಲವಾದ ಸಮುದ್ರ’ ಎಂಬ ತಲೆಬರಹ ನೋಡುತ್ತೀರಿ. ಆ ಮಾತು ನನಗೆ ಒಗ್ಗುವುದಿಲ್ಲ. ಕಡಲು ಈಗಲೂ ಕ್ಷಾರವೇ, ಈ ಶತಮಾನದ ಕೊನೆಗೂ ಕ್ಷಾರವಾಗಿಯೇ ಇರುತ್ತದೆ. ಆಗಿರುವುದು 8.2ರಿಂದ 8.1ಕ್ಕೆ ಇಳಿಕೆ. ಅಷ್ಟೇನಾ ಎನ್ನಬೇಡಿ. ಪಿಎಚ್ ಅಳತೆಯಲ್ಲಿ ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು. ಈ ಹತ್ತನೇ ಒಂದಂಶದ ಇಳಿಕೆಗೆ ಹೈಡ್ರೊಜನ್ ಸುಮಾರು ಶೇಕಡ 26 ಏರಬೇಕು. ಲಿಂಬೆಹುಳಿಯಲ್ಲಿ ಚಿಪ್ಪು ನೊರೆಗಟ್ಟುವಂತೆ ಹವಳ ಕರಗುತ್ತಿದೆ ಎಂದು ಚಿತ್ರ ಬಿಡಿಸಿಕೊಂಡರೆ ನಿಜವಾಗಿ ನಡೆಯುತ್ತಿರುವುದು ಕಣ್ಣಿಗೆ ಬೀಳುವುದೇ ಇಲ್ಲ. ಬದುಕಿರುವ ಹವಳ ಕರಗುತ್ತಿಲ್ಲ, ಬೆಳೆಯುತ್ತಿದೆ. ಹೇಗೆ ಬೆಳೆಯುತ್ತಿದೆ ಎಂಬುದೇ ಪ್ರಶ್ನೆ.

ಇದನ್ನು ತಿಳಿಯಲು ಹವಳದ ಎಲುಬಿಗೆ ಎಕ್ಸ್-ರೇ ಹಿಡಿಯಬೇಕಾಯಿತು. ಅಕ್ಷರಶಃ ಆಸ್ಪತ್ರೆಯ ಎಕ್ಸ್-ರೇಯಂಥದ್ದೇ. ಹವಳವನ್ನು ಸೀಳಿ ಹಲಗೆ ಮಾಡಿ ಚಿತ್ರ ತೆಗೆದರೆ ಒಂದು ದಟ್ಟ, ಒಂದು ತೆಳು, ಹೀಗೆ ಪಟ್ಟೆಗಳು ಕಾಣುತ್ತವೆ. ಜೋಡಿ ಪಟ್ಟೆ ಒಂದು ವರ್ಷ ಎಂದು ಖಾತ್ರಿ ಮಾಡಿಕೊಟ್ಟಿದ್ದು, ದುರಂತವೆನ್ನಿ, ಅಣುಬಾಂಬು. ಡಾರ್ವಿನ್ನನ ಮಾತು ನಿಜವಾದ ಅದೇ ಎನಿವೆಟಾಕ್‌ನಲ್ಲಿ ಅಮೆರಿಕ ಬಾಂಬು ಪರೀಕ್ಷಿಸುತ್ತಿತ್ತು. ಸಿಡಿದಾಗ ಬಿದ್ದ ವಿಕಿರಣ ಧೂಳು ಆಗ ಬೆಳೆಯುತ್ತಿದ್ದ ಹವಳದ ಎಲುಬಿಗೆ ಸೇರಿ ಗೆರೆಯಾಗಿ ಉಳಿಯಿತು. ಯಾವ ಬಾಂಬು ಯಾವ ವರ್ಷ ಎಂಬ ಲೆಕ್ಕ ಇತ್ತಲ್ಲ. ಆ ಗೆರೆಗಳಿಂದ ಪಟ್ಟೆ ಎಣಿಸಿ ತಾಳೆ ನೋಡಿದರು. ನಟ್ಸನ್, ಬಡ್ಡೆಮೀಯರ್, ಸ್ಮಿತ್ ಎಂಬ ಮೂವರು 1972ರಲ್ಲಿ ಇದನ್ನು ಪ್ರಕಟಿಸಿದರು.

ಈ ಪಟ್ಟೆಗಳು ಎರಡು ಸಂಗತಿ ಹೇಳುತ್ತವೆ. ವರ್ಷಕ್ಕೆ ಎಷ್ಟು ಎತ್ತರ ಏರಿತು ಎಂಬುದು ಒಂದು, ಎಷ್ಟು ದಟ್ಟವಾಗಿ ಕಟ್ಟಿತು ಎಂಬುದು ಇನ್ನೊಂದು. ಹಳೆಯ ಅಧ್ಯಯನಗಳು ಇವೆರಡನ್ನೂ ಗುಣಿಸಿ ‘ಒಟ್ಟು ಸುಣ್ಣ’ ಎಂಬ ಒಂದೇ ಲೆಕ್ಕ ಕೊಡುತ್ತಿದ್ದವು. ಫಲಿತಾಂಶ ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ. 2018ರಲ್ಲಿ ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಸ್ಥೆಯ ನಥಾನಿಯಲ್ ಮೊಲಿಕಾ, ವೇಫು ಗುವೊ, ಆ್ಯನ್ ಕೋಹೆನ್ ಮತ್ತು ಜೊತೆಗಾರರು ಎರಡನ್ನೂ ಬೇರೆ ಮಾಡಿ ನೋಡಿದರು. ಪೊರೈಟಿಸ್ ಎಂಬ ಗುಂಡು ಬಂಡೆಯಂಥ ಹವಳ ಅವರ ಸಾಮಗ್ರಿ. ಆ ಹವಳ ಮನೆ ಕಟ್ಟುವ ರೀತಿ ನಮ್ಮವರ ರೀತಿಯೇ: ಮೊದಲು ಮೇಲಕ್ಕೆ ಕಂಬ ನಿಲ್ಲಿಸುತ್ತದೆ, ಆಮೇಲೆ ಆ ಕಂಬಗಳಿಗೆ ಮೈ ತುಂಬುತ್ತದೆ. ಕಾರ್ಬೊನೇಟ್ ಕಡಿಮೆ ಇರುವ ನೀರಿನಲ್ಲೂ ಕಂಬ ಏರುವುದು ನಿಲ್ಲಲಿಲ್ಲ. ಕುಂಠಿತವಾದದ್ದು ಮೈ ತುಂಬುವ ಕೆಲಸ. ಹೊರಗಿನಿಂದ ನೋಡಿದರೆ ಅದೇ ಎತ್ತರ, ಅದೇ ಆಕಾರ, ಒಳಗೆ ಟೊಳ್ಳು.

ಪಕ್ಕದವರಿಗಿಂತ ಮೊದಲು ಬೆಳಕಿಗೆ ತಲುಪಿದವರದೇ ಜಾಗ ಎಂಬ ಪೈಪೋಟಿಯಲ್ಲಿ ಎತ್ತರ ಬಿಟ್ಟುಕೊಡುವುದು ಹವಳಕ್ಕೆ ದುಬಾರಿ ಎಂದು ನನಗನ್ನಿಸುತ್ತದೆ. ನೆರಳಿನಲ್ಲಿ ನೆಟ್ಟ ಅಡಿಕೆ ಸಸಿ ಸಣಕಲಾಗಿ ಮೇಲಕ್ಕೆ ಓಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಗೆಗೆ ಕಡಿವಾಣ ಬೀಳದಿದ್ದರೆ ಈ ಶತಮಾನದ ಕೊನೆಗೆ ಪೊರೈಟಿಸ್‌ನ ದಟ್ಟತೆ ಸರಾಸರಿ ಶೇಕಡ 12ರಷ್ಟು ಇಳಿಯಬಹುದು ಎಂಬುದು ಮೊಲಿಕಾ ತಂಡದ ಅಂದಾಜು. ಎರಡು ವರ್ಷದ ನಂತರ ಗುವೊ ಮತ್ತು ಸಂಗಡಿಗರು ಶಾಖದ ಪರಿಣಾಮವನ್ನು ಬೇರೆ ತೆಗೆದು ಹಿಂದಿನ ಲೆಕ್ಕವನ್ನೂ ಕೊಟ್ಟರು: 1950ರಿಂದೀಚೆಗೆ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಕಡಲಿನ ಪಿಎಚ್ ಇಳಿಕೆಯೊಂದರಿಂದಲೇ ದಟ್ಟತೆ ಶೇಕಡ 13 ಕುಸಿದಿದೆ. ದಕ್ಷಿಣ ಚೀನಾ ಸಮುದ್ರದಲ್ಲಿ ಶೇಕಡ 7.

ಹದಿಮೂರಕ್ಕೆ ಏನಾಗುತ್ತದೆ ಎಂದು ಕೇಳಿದರೆ ಪಲಾವು ದ್ವೀಪಗಳ ಉದಾಹರಣೆ ಕೊಡುತ್ತೇನೆ. ಅಲ್ಲಿನ ಕೆಲವು ಕೊಲ್ಲಿಗಳಲ್ಲಿ ನೀರಿನ ಪಿಎಚ್ ಸಹಜವಾಗಿಯೇ ಕಡಿಮೆ. ಆದರೂ ಹವಳ ಸಮೃದ್ಧವಾಗಿದೆ, ನಾನಾ ಜಾತಿಗಳಿವೆ. ಇದನ್ನು ಕಂಡು ಕೆಲವರು ನೆಮ್ಮದಿಯ ಉಸಿರು ಬಿಟ್ಟರು. ಆಮೇಲೆ ಎಲುಬನ್ನು ಸ್ಕ್ಯಾನ್ ಮಾಡಿದರೆ, ಸುಣ್ಣ ಕೊರೆದು ಒಳಗೆ ವಾಸಿಸುವ ಚಿಪ್ಪುಜೀವಿ, ಹುಳುಗಳ ಹಾವಳಿ ಹೊರಗಿನ ದಿಬ್ಬಕ್ಕಿಂತ 11 ಪಟ್ಟು. ಗೆದ್ದಲು ಹಿಡಿದ ಬಾಗಿಲಿಗೂ ಬಣ್ಣ ಚೆನ್ನಾಗಿಯೇ ಇರುತ್ತದೆ. ಪಾಪುವಾ ನ್ಯೂಗಿನಿಯ ಮಿಲ್ನೆ ಕೊಲ್ಲಿಯಲ್ಲಿ ಕಡಲ ತಳದಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳುವ ಜಾಗಗಳಲ್ಲಿ ಕವಲೊಡೆದ, ಮೇಜಿನಂತೆ ಹರಡಿದ ನಾಜೂಕು ಹವಳಗಳು ವಿರಳವಾಗಿ ಗುಂಡು ಪೊರೈಟಿಸ್ ಮಾತ್ರ ಮೆರೆಯುತ್ತದೆ. ಮೀನುಮರಿಗಳಿಗೆ ಅಡಗಲು ಸಂದುಗೊಂದು ಕೊಡುವುದು ಆ ನಾಜೂಕು ಜಾತಿಗಳು.

ನೀರನ್ನು ಹಿಂದಕ್ಕೆ ತಿರುಗಿಸಿ ನೋಡಿದವರೂ ಇದ್ದಾರೆ. ಆಸ್ಟ್ರೇಲಿಯದ ಒನ್ ಟ್ರೀ ದ್ವೀಪದಲ್ಲಿ ರೆಬೆಕಾ ಆಲ್‌ಬ್ರೈಟ್, ಕೆನ್ ಕಾಲ್ಡೇರಾ ತಂಡ ಹವಳದ ಮೇಲೆ ಹರಿಯುವ ನೀರಿಗೆ ಬಣ್ಣದ ಜೊತೆ ಕ್ಷಾರ ಬೆರೆಸಿ ಬಿಟ್ಟಿತು. ಕೈಗಾರಿಕೆಗಳಿಗೆ ಮುಂಚಿನ ಕಡಲಿಗೆ ಹತ್ತಿರವಾದ ಆ ನೀರಿನಲ್ಲಿ ಸುಣ್ಣ ಕಟ್ಟುವಿಕೆ ಸುಮಾರು ಶೇಕಡ 7 ಏರಿತು. 2016ರಲ್ಲಿ ಪ್ರಕಟವಾದ ಸಂಗತಿ ಇದು. ಪ್ರಯೋಗಾಲಯದ ತೊಟ್ಟಿಯಲ್ಲಿ ಅಲ್ಲ, ಕಡಲಿನಲ್ಲೇ ಮಾಡಿದ್ದರಿಂದ ಇದಕ್ಕೆ ತೂಕ ಹೆಚ್ಚು.

ಇಷ್ಟರ ನಡುವೆ ನನ್ನನ್ನು ಬೆರಗಾಗಿಸುವುದು ಇಸ್ರೇಲಿನ ಮಾವೋಜ್ ಫೈನ್ ಮತ್ತು ಡಾನ್ ಚೆರ್ನೊವ್ 2007ರಲ್ಲಿ ವರದಿ ಮಾಡಿದ ಪ್ರಯೋಗ. ಮೆಡಿಟರೇನಿಯನ್‌ನ ಎರಡು ಜಾತಿ ಹವಳಗಳನ್ನು ಪಿಎಚ್ 7.3ರಿಂದ 7.6ರ ನೀರಿನಲ್ಲಿ ಒಂದು ವರ್ಷ ಇಟ್ಟರು. ಎಲುಬು ಪೂರ್ತಿ ಕರಗಿಹೋಯಿತು. ಪಾಲಿಪ್‌ಗಳು ಸಾಯಲಿಲ್ಲ. ಬತ್ತಲೆಯಾಗಿ, ಮೆದುವಾಗಿ, ಬಂಡೆಗೆ ಅಂಟಿಕೊಂಡು ಬದುಕಿದವು, ಮರಿಗಳಿಗಾಗಿ ಬೀಜವನ್ನೂ ಬೆಳೆಸಿದವು. ಮಾಮೂಲು ನೀರಿಗೆ ಮರಳಿಸಿದಾಗ ಮತ್ತೆ ಸುಣ್ಣ ಕಟ್ಟತೊಡಗಿದವು. ಹಾಗಾಗಿ ‘ಹವಳ ಉಳಿಯುತ್ತದೆಯೇ’ ಎಂದು ಯಾರಾದರೂ ಕೇಳಿದಾಗ ನಾನು ಮರುಪ್ರಶ್ನೆ ಹಾಕುತ್ತೇನೆ: ಪ್ರಾಣಿಯೋ, ಎಲುಬೋ? ಪ್ರಾಣಿ ಬತ್ತಲೆಯಾಗಿಯೂ ಒಂದಷ್ಟು ಕಾಲ ತಳ್ಳೀತು. ಅಮಿನಿಯಲ್ಲಿ, ಕಡಮತ್‌ನಲ್ಲಿ ಮನೆ ತೆಂಗು ನಿಂತಿರುವುದು ಎಲುಬಿನ ಮೇಲೆ.

ಇರಲಿ, ಲೋಟ ಏನಾಯಿತು? ಹಾಲಾಗಿತ್ತು, ಎಲ್ಲರೂ ನೋಡಿದಿರಿ. ಈಗ ಅದರ ಹಿಂದೆ ನಿಲ್ಲಿಸಿರುವ ಆಮಂತ್ರಣ ಪತ್ರಿಕೆಯ ಅಕ್ಷರ ಓದಲು ಬರುತ್ತಿದೆ. ಸುಣ್ಣ ಎಲ್ಲೂ ಹೋಗಿಲ್ಲ, ಬೈಕಾರ್ಬೊನೇಟಾಗಿ ನೀರಿನಲ್ಲೇ ಇದೆ. ಕುದಿಸಿದರೆ ಮತ್ತೆ ಹಾಲಾಗುತ್ತದೆ. ಅಧ್ಯಾಪಕರಿಗೊಂದು ಸೂಚನೆ. ನಾನು ಮೊದಲ ಸಲ ಇದನ್ನು ತರಗತಿಯಲ್ಲಿ ಮಾಡಿದಾಗ ಮಕ್ಕಳು ಊದಿ ಊದಿ ಸುಸ್ತಾದರೂ ತಿಳಿಯಾಗಲೇ ಇಲ್ಲ, ಚೆನ್ನಾಗಿ ನಕ್ಕರು. ತಪ್ಪು ಸುಣ್ಣದ್ದಲ್ಲ. ತಿಳಿನೀರು ಗಟ್ಟಿಯಾಗಿತ್ತು, ನಮ್ಮ ಉಸಿರಿನಲ್ಲಿರುವಷ್ಟು ಅನಿಲಕ್ಕೆ ಅದು ಬಗ್ಗುವುದಿಲ್ಲ. ಒಂದು ಲೋಟ ತಿಳಿಗೆ ಹತ್ತು ಲೋಟ ಮಳೆನೀರು ಬೆರೆಸಿ, ಕಣ್ಣಿಗೆ ಹಾರದಂತೆ ನೋಡಿಕೊಂಡು, ಒಂದು ಪೂರ್ತಿ ಪೀರಿಯಡ್ ಕೊಡಿ.