ಜೀವಕೋಶದ ಶ್ರವಣಶಕ್ತಿ



ಒಂದು ಮಗ್ಗುಲಲ್ಲಿ ಪಡುಗಡಲನ್ನೂ ಇನ್ನೊಂದು ಮಗ್ಗುಲಲ್ಲಿ ಸುವರ್ಣಾ ನದಿಯನ್ನೂ ಇರಿಸಿಕೊಂಡು, ನಡುವಣ ಕಿರಿದಾದ ಮರಳುನೆಲದ ಮೇಲೆ ತೆಂಗಿನ ನೆರಳನ್ನು ಹಾಸಿರುವ ಈ ಹೂಡೆಯಲ್ಲಿ ವಿಜ್ಞಾನ ಸಮ್ಮೇಳನವನ್ನು ನೆರೆಯಿಸಿ, ಅದರ ಅಧ್ಯಕ್ಷಪೀಠದಲ್ಲಿ ನನ್ನನ್ನು ಕುಳ್ಳಿರಿಸಿರುವ ನಿಮ್ಮ ವಿಶ್ವಾಸಕ್ಕೆ ನಾನು ಋಣಿಯಾಗಿದ್ದೇನೆ. ನಾನು ಬಹುಕಾಲ ಓದಿದ, ಮಕ್ಕಳಿಗೆ ಪಾಠ ಹೇಳಿದ ವಿಷಯವೊಂದನ್ನೇ, ಎಂದರೆ ಜೀವಕೋಶವು ಹೊರಗಿನ ಮಾತನ್ನು ಕೇಳಿ ಒಳಗೆ ತಿಳಿದುಕೊಳ್ಳುವ ಬಗೆಯನ್ನೇ, ಇಂದು ನಿಮ್ಮ ಮುಂದೆ ನಿವೇದಿಸಲು ಎದ್ದು ನಿಂತಿದ್ದೇನೆ.

ಹಿಂದೆ ಈ ಕರಾವಳಿಯಲ್ಲಿ ರಂಪಣಿ ಬಲೆಯನ್ನು ಎಳೆಯುತ್ತಿದ್ದುದನ್ನು ಕಂಡ ಹಿರಿಯರು ಈ ಸಭೆಯಲ್ಲಿ ಇನ್ನೂ ಇದ್ದಾರೆ. ನೀರಿನ ಬಣ್ಣ ಬದಲಾದುದನ್ನು ಕಂಡು ಮೀನಿನ ಹಿಂಡು ಬಂದಿದೆಯೆಂದು ಅರಿತವನೊಬ್ಬನು ಕೂಗಿದನೆಂದರೆ, ಆ ಒಂದು ಕೂಗಿಗೆ ಹತ್ತಾರು ಮನೆಗಳ ಜನ ಓಡಿಬಂದು ಹಗ್ಗಕ್ಕೆ ಕೈಹಚ್ಚುತ್ತಿದ್ದರು. ಕೂಗಿದವನು ಯಾರ ಮನೆಯೊಳಕ್ಕೂ ಹೋಗಬೇಕಾಗಿರಲಿಲ್ಲ, ಅವನ ದನಿ ಬಾಗಿಲಿನಲ್ಲಿದ್ದವನ ಕಿವಿಗೆ ಬಿದ್ದರೆ ಸಾಕಾಗಿತ್ತು. ನಮ್ಮ ಶರೀರದಲ್ಲಿ ನಡೆಯುವುದೂ ಹೆಚ್ಚುಕಡಮೆ ಇದೇ. ರಕ್ತದಲ್ಲಿ ಹರಿದುಬರುವ ಅಡ್ರಿನಲಿನ್ ಯಕೃತ್ತಿನ ಕೋಶದ ಒಳಕ್ಕೆ ಪ್ರವೇಶಿಸುವುದಿಲ್ಲ. ಕೋಶಪೊರೆಯಲ್ಲಿ ನಾಟಿಕೊಂಡಿರುವ ಒಂದು ಪ್ರೋಟೀನನ್ನು ಹೊರಗಿನಿಂದ ಮುಟ್ಟುತ್ತದೆ, ಅಷ್ಟೆ. ಆ ಸ್ಪರ್ಶದಿಂದ ಪ್ರೋಟೀನಿನ ಆಕೃತಿ ಒಳಮಗ್ಗುಲಲ್ಲಿ ಕಿಂಚಿತ್ತು ಬದಲಾಗುತ್ತದೆ. ಆ ಬದಲಾವಣೆಯಿಂದ ಒಳಗೆ ಬೇರೊಂದು ಅಣು ಸಾವಿರಗಟ್ಟಲೆ ಹುಟ್ಟುತ್ತದೆ. ಕೂಡಿಟ್ಟಿದ್ದ ಸಕ್ಕರೆಯು ನೆತ್ತರಿಗೆ ಬಿಡುಗಡೆಯಾಗುತ್ತದೆ. ಹೊರಗಿನ ಮಾತನ್ನು ಹೀಗೆ ಹಿಡಿಯುವ ಪ್ರೋಟೀನಿಗೆ ಕೆಲವರು 'ಗ್ರಾಹಕ' ಎಂಬ ಹೆಸರನ್ನು ಬಳಸಿದ್ದಾರೆ. ಆ ಶಬ್ದವು ಅಂಗಡಿಗೆ ಬರುವ ಗಿರಾಕಿಗೆ ಸಂದುಹೋಗಿರುವುದರಿಂದ 'ಗ್ರಾಹಿ' ಎಂಬುದೇ ಮೇಲೆಂದು ನನ್ನ ಮತ.

ಇಂಥ ವಸ್ತುವೊಂದು ಇರಲೇಬೇಕೆಂದು ಇಂಗ್ಲೆಂಡಿನ ಲ್ಯಾಂಗ್ಲಿ 1905ರಲ್ಲಿ ತರ್ಕದಿಂದ ಊಹಿಸಿದನು. ಆದರೆ ಅದನ್ನು ಕಣ್ಣಾರೆ ಕಂಡವರಿರಲಿಲ್ಲ. ಒಳಗಿನ ದೂತನಾದ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಸದರ್ಲೆಂಡ್ ಕಂಡುಹಿಡಿದು 1971ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಗ್ರಾಹಿಗೂ ದೂತನಿಗೂ ನಡುವೆ ನಿಂತು ಸಂದೇಶವನ್ನು ದಾಟಿಸುವ ಜಿ-ಪ್ರೋಟೀನುಗಳಿಗಾಗಿ ಗಿಲ್ಮನ್ ಮತ್ತು ರಾಡ್‌ಬೆಲ್‌ರಿಗೆ 1994ರಲ್ಲಿಯೂ, ಆ ಗ್ರಾಹಿಗಳ ಸ್ವರೂಪವನ್ನು ಬಿಡಿಸಿ ತೋರಿಸಿದುದಕ್ಕಾಗಿ ಲೆಫ್ಕೊವಿಟ್ಸ್ ಮತ್ತು ಕೊಬಿಲ್ಕರಿಗೆ 2012ರಲ್ಲಿಯೂ ಅದೇ ಗೌರವವು ಸಂದಿತು. ಒಬ್ಬನ ಊಹೆಯು ರೂಪತಾಳಿ ಕಣ್ಣಿಗೆ ಕಾಣುವಂತಾಗಲು ಒಂದು ಶತಮಾನವೇ ಹಿಡಿಯಿತೆಂಬುದನ್ನು ನಮ್ಮ ತರುಣ ವಿದ್ಯಾರ್ಥಿಗಳು ಗಮನಿಸಬೇಕು.

ಆದರೆ ನಾನು ವಿಸ್ತಾರವಾಗಿ ಹೇಳಬೇಕೆಂದಿರುವುದು ಪರದೇಶದ ಮಾತನ್ನಲ್ಲ, ನಮ್ಮ ಬೆಂಗಳೂರಿನದನ್ನು. ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯನವರು ದಶಕಗಳ ಕಾಲ ಗ್ವಾನಿಲೈಲ್ ಸೈಕ್ಲೇಸ್-ಸಿ ಎಂಬ ಒಂದೇ ಗ್ರಾಹಿಯ ಬೆನ್ನುಹತ್ತಿ ಶೋಧನೆ ನಡೆಸಿದ್ದಾರೆ. ಹೆಸರು ಉಚ್ಚಾರಣೆಗೆ ಕಠಿನವಾದರೂ ಅದರ ಕೆಲಸವನ್ನು ಅರಿಯುವುದು ಈ ಊರಿನವರಿಗೆ ಕಠಿನವಲ್ಲ. ಉಬ್ಬರದ ಉಪ್ಪುನೀರು ಗದ್ದೆಗೆ ನುಗ್ಗದಂತೆ ನಾವು ಹೊಳೆಗಳಿಗೆ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿ, ಹಲಗೆಗಳನ್ನು ಇಳಿಸಿ ಏರಿಸಿ ನೀರನ್ನು ನಿಯಮಿಸುತ್ತೇವೆ. ಕರುಳಿನ ಒಳಗೋಡೆಯ ಕೋಶಗಳಲ್ಲಿಯೂ ಉಪ್ಪು ಮತ್ತು ನೀರುಗಳಿಗೆ ಅಂಥ ಕಿಂಡಿಗಳುಂಟು. ಅವುಗಳ ಹಲಗೆಯನ್ನು ಎಷ್ಟು ಎತ್ತಬೇಕೆಂಬ ಅಪ್ಪಣೆಯನ್ನು ಈ ಗ್ರಾಹಿಯು ಒಳಗೆ ಕಳುಹಿಸುತ್ತದೆ. ಗ್ವಾನಿಲಿನ್ ಮತ್ತು ಯೂರೋಗ್ವಾನಿಲಿನ್ ಎಂಬ ಎರಡು ಸಹಜ ಹಾರ್ಮೋನುಗಳು ಬಂದು ಮುಟ್ಟಿದಾಗ ಅದು ಸೈಕ್ಲಿಕ್ ಜಿಎಂಪಿ ಎಂಬ ದೂತನನ್ನು ಮಿತವಾಗಿ ಉತ್ಪಾದಿಸುತ್ತದೆ. ಕರುಳು ತಕ್ಕಷ್ಟು ತೇವವಾಗಿರುತ್ತದೆ.

ವಿಪತ್ತು ಬರುವುದು ವೇಷಧಾರಿಯಿಂದ. ಕೆಟ್ಟ ನೀರಿನೊಡನೆ ಹೊಟ್ಟೆ ಸೇರುವ ಒಂದು ಜಾತಿಯ ಇ. ಕೋಲೈ ಬ್ಯಾಕ್ಟೀರಿಯವು ಸ್ರವಿಸುವ ಪುಟ್ಟ ವಿಷವು, ಕುದಿಸಿದರೂ ಕೆಡದಷ್ಟು ಗಟ್ಟಿಯಾದುದು, ಆ ಸಹಜ ಹಾರ್ಮೋನಿನ ರೂಪವನ್ನೇ ಹೋಲುತ್ತದೆ. ಗ್ರಾಹಿಯು ಅದನ್ನು ತನ್ನವನೆಂದೇ ಭ್ರಮಿಸಿ, ಸಹಜ ಹಾರ್ಮೋನಿಗಿಂತಲೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ದೂತರು ಮಿತಿಮೀರಿ ಹುಟ್ಟುತ್ತಾರೆ, ಕ್ಲೋರೈಡಿನ ಕಿಂಡಿಗಳೆಲ್ಲ ತೆರೆದುಬಿಡುತ್ತವೆ, ಉಪ್ಪಿನ ಹಿಂದೆಯೇ ನೀರು ಹೊರಕ್ಕೆ ಧಾವಿಸುತ್ತದೆ. ಬೆಳಗ್ಗೆ ಆಡುತ್ತಿದ್ದ ಶಿಶು ಸಂಜೆಗೆ ಕಣ್ಣು ಗುಳಿಬಿದ್ದು ಮಲಗುತ್ತದೆ. ಕಾಲರಾದ ವಿಷವು ಬೇರೆ ದಾರಿ ಹಿಡಿದು, ಸೈಕ್ಲಿಕ್ ಎಎಂಪಿಯ ಮೂಲಕ, ಇದೇ ಕಿಂಡಿಗಳನ್ನು ತೆರೆಯಿಸುತ್ತದೆ; ಕಾಲರಾಕ್ಕೆ ಅಂಥ ವಿಷವೇ ಕಾರಣವೆಂದು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ.

2012ರಲ್ಲಿ ನಾರ್ವೆಯ ವೈದ್ಯರೂ ಬೆಂಗಳೂರಿನ ವಿಶ್ವೇಶ್ವರಯ್ಯನವರ ಪ್ರಯೋಗಶಾಲೆಯವರೂ ಕೂಡಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ನಾರ್ವೆಯ ಒಂದೇ ವಂಶದ 32 ಮಂದಿ ಎಳವೆಯಿಂದ ಅತಿಸಾರದಿಂದ ನರಳುತ್ತಿದ್ದರು. ಅದಕ್ಕೆ ಯಾವ ರೋಗಾಣುವೂ ಕಾರಣವಾಗಿರಲಿಲ್ಲ. ಈ ಗ್ರಾಹಿಯ ನೂರಾರು ಅಮೈನೋ ಆಮ್ಲಗಳ ಸರಣಿಯಲ್ಲಿ ಒಂದೇ ಒಂದು ಬದಲಾಗಿ, ಹಾರ್ಮೋನು ಮುಟ್ಟಿದಾಗ ಅದು ಕೊಡುತ್ತಿದ್ದ ಉತ್ತರ ಅತಿಯಾಗಿತ್ತು. ಅದೇ ವರ್ಷ, ಗ್ರಾಹಿಯು ನಿಷ್ಕ್ರಿಯವಾಗಿದ್ದ ಬೆಡುಯಿನ್ ಕುಟುಂಬಗಳಲ್ಲಿ ಹುಟ್ಟಿದ ಶಿಶುಗಳ ಕರುಳು ಕಟ್ಟಿಕೊಂಡಿದ್ದುದು ವರದಿಯಾಯಿತು. ಒಂದು ಕಡೆ ಪ್ರವಾಹ, ಇನ್ನೊಂದು ಕಡೆ ಬರ. ಎರಡಕ್ಕೂ ಮೂಲ ಒಂದೇ ಬಾಗಿಲು. ಇದೇ ಗ್ರಾಹಿಯನ್ನು ಹದವಾಗಿ ಎಚ್ಚರಿಸಿ ಮಲಬದ್ಧತೆಯನ್ನು ನೀಗಿಸುವ ಲಿನಾಕ್ಲೋಟೈಡ್ ಎಂಬ ಔಷಧಕ್ಕೂ ಅಮೆರಿಕದಲ್ಲಿ ಅದೇ 2012ರಲ್ಲಿ ಅನುಮತಿ ದೊರೆಯಿತು. ಒಂದು ಪ್ರೋಟೀನನ್ನು ಕುರಿತು ಇಷ್ಟು ವರ್ಷ ಏಕೆ ತಪಸ್ಸು ಮಾಡಬೇಕೆಂದು ಕೇಳುವವರಿಗೆ ನಾನು ಈ ಮೂರು ಸಂಗತಿಗಳನ್ನೇ ಮುಂದಿಡುತ್ತೇನೆ.

ನನ್ನ ಬಾಲ್ಯದಲ್ಲಿ ಮಳೆಗಾಲ ಹಿಡಿದೊಡನೆ ಹೊಳೆಯ ಆಚೀಚೆಯ ಮನೆಗಳಲ್ಲಿ ಮಕ್ಕಳಿಗೆ ವಾಂತಿಭೇದಿ ತಗಲುತ್ತಿತ್ತು. ಹೊಟ್ಟೆ ಕೆಟ್ಟ ಮಗುವಿಗೆ ನೀರು ಕುಡಿಸಬಾರದೆಂಬ ನಂಬಿಕೆ ಬಲವಾಗಿದ್ದ ಕಾಲವದು. ನನ್ನ ಅಜ್ಜಿಯು ಮಾತ್ರ ಯಾರ ಮಾತನ್ನೂ ಕೇಳದೆ ಕುಚ್ಚಲಕ್ಕಿ ಗಂಜಿಯ ತಿಳಿಗೆ ಒಂದು ಚಿಟಿಕೆ ಉಪ್ಪು ಹಾಕಿ ಚಮಚದಲ್ಲಿ ಮತ್ತೆ ಮತ್ತೆ ಕುಡಿಸುತ್ತಿದ್ದಳು. ಅವಳಿಗೆ ಗೊತ್ತಿಲ್ಲದಿದ್ದ ಕಾರಣವನ್ನು ಬಹುವರ್ಷಗಳ ಮೇಲೆ ನಾನು ಪುಸ್ತಕದಲ್ಲಿ ಓದಿದಾಗ ನನ್ನ ಕಣ್ಣು ತೇವಗೊಂಡಿತು. ಕರುಳಿನ ಕೋಶವು ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜತೆಗೂಡಿಸಿ ಒಳಕ್ಕೆ ಎಳೆದುಕೊಳ್ಳುತ್ತದೆಂದು ರಾಬರ್ಟ್ ಕ್ರೇನ್ 1960ರಲ್ಲಿ ಪ್ರತಿಪಾದಿಸಿದನು. ನೀರು ಹೊರಹೋಗುವ ಕಿಂಡಿಯನ್ನು ರೋಗಾಣುವಿನ ವಿಷವು ಎಷ್ಟೇ ತೆರೆದಿಟ್ಟರೂ ಒಳಬರುವ ಈ ಇನ್ನೊಂದು ದಾರಿಯನ್ನು ಮುಚ್ಚಲಾರದು. ಅಕ್ಕಿಯ ಪಿಷ್ಟವು ಜೀರ್ಣವಾಗಿ ಗ್ಲೂಕೋಸಾಗುತ್ತದೆ, ಉಪ್ಪಿನಲ್ಲಿ ಸೋಡಿಯಮ್ಮಿದೆ, ಅವೆರಡರ ಹಿಂದೆ ನೀರು ಬರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸರು ಸಕ್ಕರೆ ಉಪ್ಪುಗಳ ನೀರನ್ನೇ ಕುಡಿಸಿ, ನೂರಕ್ಕೆ 30ರ ಸಮೀಪವಿದ್ದ ಕಾಲರಾ ಮರಣವನ್ನು 4ಕ್ಕಿಂತ ಕೆಳಗೆ ಇಳಿಸಿದರು.

ಈ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು 1918ರಲ್ಲಿಯೇ ಆರಂಭಿಸಿದರು. ಇಲ್ಲಿಂದ ಬಹುದೂರವಲ್ಲದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಏಕಾಕಿಯಾಗಿ ಮಕ್ಕಳಿಗೂ ದೊಡ್ಡವರಿಗೂ ವಿಜ್ಞಾನದ ಸಂಪುಟಗಳನ್ನು ಬರೆದುಕೊಟ್ಟರು. ಅವರು ಹಾಕಿದ ದಾರಿಯಲ್ಲಿ ಕೋಶದ ಗ್ರಾಹಿಗಳ ಕಥೆಯನ್ನು ಬರೆಯಬಲ್ಲ ತರುಣರು ಮಣಿಪಾಲದ ಪ್ರಯೋಗಶಾಲೆಗಳಲ್ಲಿಯೂ ಕಾಪು ಕಾರ್ಕಳಗಳ ಶಾಲೆಗಳಲ್ಲಿಯೂ ಇದ್ದಾರೆ. ಅವರು ಲೇಖನಿಯನ್ನು ಎತ್ತಿಕೊಳ್ಳಲಿ.

ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆ. ಮುಂದಿನ ಮಳೆಗಾಲ ಕಾಲಿಡುವ ಮುನ್ನ, ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಎಂಬ ಅಳತೆಯನ್ನು ನಿಮ್ಮ ತರಗತಿಯ ಪ್ರತಿಯೊಂದು ಮಗುವಿಗೂ ಕಲಿಸಿರಿ. ಅದು ಏಕೆ ಬದುಕಿಸುತ್ತದೆಂಬ ಕಾರಣವನ್ನೂ ಜತೆಯಲ್ಲಿಯೇ ತಿಳಿಸಿರಿ. ಭೇದಿ ನಿಲ್ಲದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕೆಂಬುದನ್ನು ಮನೆಮನೆಗೂ ಆ ಮಕ್ಕಳ ಬಾಯಿಂದಲೇ ತಲಪಿಸಿರಿ.